ಕ್ಯಾಲೆಂಡರಿನ ಸಮುದ್ರ

ತಕ್ಕಡಿ ರಿಪೇರಿ ಮಾಡುವವನನ್ನು ತಕ್ಕಡಿಯಣ್ಣ ಎನ್ನದೆ ಇನ್ನೇನೆಂದು ಕರೆಯುತ್ತಾರೆ? ಸಮುದ್ರದಂಚಿನ ಹನ್ನೊಂದು ಊರುಗಳು ಅವನ ಪಾಲಿಗೆ ಬಂದಿದ್ದವು. ಮೀನು ಮಾರುಕಟ್ಟೆ, ದಿನಸಿ ಅಂಗಡಿ, ಗುಜರಿ ಅಂಗಡಿ, ತೂಕದ ಯಂತ್ರ ಇದ್ದಲ್ಲೆಲ್ಲ ಅವನು ತೂಕದ ಬಟ್ಟುಗಳ ಪೆಟ್ಟಿಗೆ ಹೊತ್ತು ಬಸ್ಸಿನಿಂದ ಇಳಿಯುತ್ತಿದ್ದ. "ಒಂಚೂರು ನಮ್ ಕಡೆಗೆ ವಾಲ್ಸಿ ಅಣ್ಣಾ" ಎಂದು ಕಣ್ಣು ಹೊಡೆದ ಅಂಗಡಿಯವನ ಯಂತ್ರ ಮುಟ್ಟದೆ ಎದ್ದು ಬಂದದ್ದುಂಟು. ಕೆಲಸದಲ್ಲಿ ಅಷ್ಟು ನೇರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳಬೇಕಾದ್ದು ಅಷ್ಟು ನೇರವಾಗಿಲ್ಲ.

ಸಂಜೆ ಐದಾದರೆ ಅವನನ್ನು ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಪೆಟ್ಟಿಗೆಯನ್ನು ಲಾಡ್ಜಿನ ಮಂಚದಡಿ ತಳ್ಳಿ, ಕ್ಯಾಮೆರಾ ಕೊರಳಿಗೆ ಹಾಕಿ, ಸ್ಟ್ಯಾಂಡು ಕಂಕುಳಿಗೆ ಸಿಕ್ಕಿಸಿ ದಂಡೆಗೆ ಓಡುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಎಷ್ಟು ಸೂರ್ಯಾಸ್ತ ಹಿಡಿದನೋ ಅವನಿಗೇ ಗೊತ್ತಿಲ್ಲ. "ನಮ್ ಮನೆ ಹಿಂದೆ ಮುಳುಗೋದೂ ಅದೇ ಸೂರ್ಯ ಕಣ್ರೀ. ಅಷ್ಟು ದೂರ ಹೋಗಿ ಇಣುಕ್ಬೇಕಾ?" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಅವನ ಚಿತ್ರಗಳಲ್ಲಿ ಮಾತ್ರ ಮನುಷ್ಯರಿರುತ್ತಿರಲಿಲ್ಲ. ದಂಡೆಯಲ್ಲಿ ಅಡ್ಡಾಡುವವರು, ನಾಯಿಗಳು, ಚೆಂಡಾಡುವ ಮಕ್ಕಳು, ಎಲ್ಲವೂ ಅವನ ಬಾಯಲ್ಲಿ 'ಕಸ'. ಕಸ ತಾನಾಗಿ ಸರಿಯಲೆಂದು ಕಾಯುತ್ತಿದ್ದ. ಸರಿಯದಿದ್ದರೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಅಳಿಸುತ್ತಿದ್ದ, ಅಳಿಸಿದ ಮೇಲೆ ಮೂಲ ಚಿತ್ರವನ್ನೂ ಕಿತ್ತು ಹಾಕುತ್ತಿದ್ದ. ಅದನ್ನು ಇಟ್ಟುಕೊಂಡರೆ ಚೊಕ್ಕಟವಾದದ್ದು ಸುಳ್ಳೆನಿಸುತ್ತದಂತೆ. ಇಂಥ ತರ್ಕಕ್ಕೆ ಏನು ಹೇಳುವುದು!

ಒಂದು ಸಂಜೆ, ಕೊನೆಯ ಊರಿನ ದಂಡೆಯಲ್ಲಿ, ಪಕ್ಕೆ ಒಡೆದ ದೋಣಿಯೊಂದನ್ನು ಬೋರಲು ಹಾಕಿದ್ದರು. ದೋಣಿ ಮುಂದೆ, ಕೆಂಪು ನೀರು ಹಿಂದೆ, ಅಂಥ ನೋಟ ಅವನಿಗೆ ವರ್ಷಗಳಿಂದ ಸಿಕ್ಕಿರಲಿಲ್ಲ. ಆದರೆ ಸೂರ್ಯನ ಬೆಳಕು ಬಿದ್ದ ಜಾಗದಲ್ಲೇ, ದೂರದಲ್ಲಿ, ಒಂದು ಕಪ್ಪು ಚುಕ್ಕೆ. ಯಾವನೋ ಈಜುತ್ತಿದ್ದಾನೆ. "ಇವನಿಗೆ ಬೇರೆ ಜಾಗ ಸಿಗಲಿಲ್ವಾ?" ಎಂದು ಗೊಣಗಿ ಕಾದ. ಬಣ್ಣ ಇಳಿಯತೊಡಗಿತು. ವಿಧಿಯಿಲ್ಲದೆ ಚುಕ್ಕೆಯ ಸಮೇತ ಮೂರು ಚಿತ್ರ ತೆಗೆದ. ನಾಲ್ಕನೆಯದಕ್ಕೆ ಚುಕ್ಕೆ ಇರಲಿಲ್ಲ. "ಸದ್ಯ, ತೊಲಗಿದ" ಎಂದುಕೊಂಡ. ಅಷ್ಟರಲ್ಲಿ ಬಣ್ಣವೂ ಹೋಗಿತ್ತು.

ಭಾನುವಾರ ಬೆಳಗ್ಗೆ ಮನೆಯಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಒಂದು ತಲೆ, ಮೇಲೆತ್ತಿದ ಒಂದು ಕೈ. ಕಾಫಿ ತಂದ ಹೆಂಡತಿಯೂ ಬಗ್ಗಿ ನೋಡಿದಳು.

"ಯಾರ್ರೀ ಅದು?"

"ಯಾವನೋ ಆಟ ಆಡ್ತಿದ್ದ."

"ಇರ್ಲಿ ಬಿಡಿ ಪಾಪ. ಸಮುದ್ರ ಅಂದ್ಮೇಲೆ ಜನ ಇರಲ್ವಾ?"

ಅವನು ಮೊದಲು ಕೈ ಅಳಿಸಿದ, ಆಮೇಲೆ ತಲೆ. ನೀರಿನ ಮೇಲೆ ನೀರು ಬಳಿದು ಗುರುತೇ ಸಿಗದಂತೆ ಮಾಡಿದ. ಮೂಲ ಚಿತ್ರಗಳನ್ನೆಲ್ಲ ತೆಗೆದುಹಾಕಿದ.

ತಕ್ಕಡಿ ಕಂಪನಿಯವರು ಆ ಚಿತ್ರವನ್ನು ಹೊಸ ವರ್ಷದ ಕ್ಯಾಲೆಂಡರಿಗೆ ಹಾಕಿದರು. ಕೆಳಗೆ ಸಣ್ಣಕ್ಷರದಲ್ಲಿ ಅವನ ಹೆಸರು. ಹನ್ನೊಂದು ಊರಿನ ಅಂಗಡಿಗಳ ಗೋಡೆಯ ಮೇಲೆ ತನ್ನ ಸಮುದ್ರ ತೂಗಾಡುವುದನ್ನು ನೋಡಿ ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಎರಡು ತಿಂಗಳಿಗೆ ಒಬ್ಬ ಹೆಂಗಸು ಮನೆಯ ವಿಳಾಸ ಹುಡುಕಿಕೊಂಡು ಬಂದಳು. ಕುರ್ಚಿಯ ತುದಿಯಲ್ಲಿ ಕೂತು, ಕ್ಯಾಲೆಂಡರಿನ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದಳು.

"ಈ ದೋಣಿ ಮೇಲೆ ಕೂತು ನಾವಿಬ್ರೂ ಊಟ ಮಾಡಿದ್ವಿ ಅಣ್ಣಾ. ಅವತ್ತು ಬೆಳಗ್ಗೆ ತಾನೇ ತಂದು ಹಾಕಿದ್ರಂತೆ, ಮಾರನೇ ದಿನ ಒಡೆದು ಸೌದೆ ಮಾಡಿದ್ರು. ಅಂದ್ರೆ ಇದು ಅದೇ ಸಂಜೆ. ನಮ್ಮೆಜಮಾನ್ರು ಕಾಲು ತೊಳ್ಕೊಂಡು ಬರ್ತೀನಿ ಅಂತ ಹೋದ್ರು. ನಾನು ಬಸ್ಸಿಗೆ ಸೀಟು ಹಿಡಿಯೋಕೆ ಮುಂದೆ ಬಂದೆ. ಅಷ್ಟೇ."

ಗಂಡ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಿದ್ದವನು. ಹೆಣ ಸಿಗಲಿಲ್ಲ, ನೋಡಿದವರೂ ಇಲ್ಲ. ಅವನು ಯಾವಳನ್ನೋ ಕಟ್ಟಿಕೊಂಡು ಓಡಿಹೋದ ಎಂದು ಬೀದಿಯಲ್ಲಿ ಮಾತಾಯಿತು. ಊರ ಬಾಯಿಗೆ ಬೀಗ ಹಾಕುವವರುಂಟೇ? ಎಂಟು ವರ್ಷದ ಮಗಳು ಶಾಲೆಯಿಂದ ಅದೇ ಮಾತು ಕೇಳಿಕೊಂಡು ಬರುತ್ತಿದ್ದಳು.

"ಸತ್ತಿದ್ರೆ ಸತ್ರು ಅಂತ ಗೊತ್ತಾಗ್ಲಿ, ಅತ್ತು ಮುಗಿಸ್ತೀನಿ. ಬದುಕಿದ್ರೆ ಹುಡುಕ್ತೀನಿ. ಎರಡರಲ್ಲಿ ಒಂದು ಹೇಳಿ. ನೀರಲ್ಲಿ ಯಾರಾದ್ರೂ ಕಂಡ್ರಾ?"

ಅವನು ಮನಸ್ಸಿನಲ್ಲೇ ತೂಗಿ ನೋಡಿದ. ಕಂಡೆ ಎಂದರೆ, ಕಂಡು ಏನು ಮಾಡಿದಿರಿ ಎಂದು ಕೇಳುತ್ತಾಳೆ. ಕೈ ಎತ್ತಿದವನು ತೊಲಗಲೆಂದು ಕಾದೆ ಎಂದು ಯಾವ ಬಾಯಲ್ಲಿ ಹೇಳುವುದು?

"ಇಲ್ಲಮ್ಮ. ಯಾರೂ ಇರಲಿಲ್ಲ."

ಅವಳು ಕುಸಿಯುತ್ತಾಳೆಂದುಕೊಂಡಿದ್ದ. ಅವಳ ಮುಖ ಅರಳಿತು. "ಹಾಗಾದ್ರೆ ಇದಾರೆ" ಎಂದಳು. ಹಾಳೆಯನ್ನು ಜೋಪಾನವಾಗಿ ಮಡಿಸಿ, ಕೈಮುಗಿದು ಹೊರಟಳು. ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅದನ್ನು ಕೊಡುವುದನ್ನೇ ಮರೆತಿದ್ದಳು.

"ಕೈ ಎತ್ತಿದ್ದ ಅಲ್ವಾ ಅವನು?" ಎಂದಳು ಆಮೇಲೆ.

"ಹೇಳಿದ್ರೆ ಆಕೆಗೆ ಏನು ಸಿಗ್ತಿತ್ತು?"

"ಹೇಳದೆ ನಿಮಗೆ ಏನೋ ಸಿಕ್ತಲ್ಲ, ಬಿಡಿ."

ಅಂದಿನಿಂದ ಆ ಮನೆಯಲ್ಲಿ ಕಾಲೆಳೆಯುವ ಮಾತು ನಿಂತಿತು. ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು, ಊಟ ಬಡಿಸಿ ಎದ್ದು ಹೋಗುತ್ತಿದ್ದಳು. ಅವನಿಗೆ ನಿದ್ದೆ ಹತ್ತಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಅವನಿಗೂ ಧೈರ್ಯ ಬಂತು. ಬರಲು ಅರ್ಧ ವರ್ಷ ಹಿಡಿಯಿತು. ವಿಚಾರಿಸಿಕೊಂಡು ಅವಳ ಗಂಡನ ಬೇಕರಿಯಿದ್ದ ಬೀದಿಗೆ ಹೋದರೆ ಅವಳ ಮನೆಗೆ ಬೀಗ. ಮಗಳನ್ನು ಅಣ್ಣನ ಮನೆಯಲ್ಲಿ ಬಿಟ್ಟು ಗಂಡನನ್ನು ಹುಡುಕಲು ಹೋಗಿದ್ದಾಳೆ ಎಂದರು ಅಕ್ಕಪಕ್ಕದವರು.

ಕೊನೆಗೆ ಅವಳು ಸಿಕ್ಕಿದ್ದು ನಾಲ್ಕನೇ ಊರಿನ ಬಸ್ ನಿಲ್ದಾಣದಲ್ಲಿ, ಮಟಮಟ ಮಧ್ಯಾಹ್ನ. ಹೋಟೆಲುಗಳಲ್ಲಿ ಪಾತ್ರೆ ತೊಳೆಯುತ್ತ ಊರಿಂದೂರಿಗೆ ಅಲೆಯುತ್ತಿದ್ದಳು. ಮುಖ ಅರ್ಧಕ್ಕರ್ಧ ಇಳಿದಿತ್ತು. ಒಂದು ಕೈಯಲ್ಲಿ ಗಂಡನ ಫೋಟೋ, ಇನ್ನೊಂದರಲ್ಲಿ ಕ್ಯಾಲೆಂಡರಿನ ಹಾಳೆ. ಹಣ್ಣಿನ ಅಂಗಡಿಯವನಿಗೆ ತೋರಿಸುತ್ತಿದ್ದಳು. "ನೋಡಿ ಸ್ವಾಮಿ, ನೀರಲ್ಲಿ ಯಾರೂ ಇಲ್ಲ. ಫೋಟೋ ತೆಗೆದವರೇ ಹೇಳಿದಾರೆ."

ಅವನು ಅವಳನ್ನು ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದ. ಚುಕ್ಕೆ, ಕೈ, ತಾನು ಕಾದದ್ದು, ಅಳಿಸಿದ್ದು, ಏನನ್ನೂ ಬಿಡಲಿಲ್ಲ. ಹೇಳುತ್ತ ಅತ್ತುಬಿಟ್ಟ. ಅವಳು ನಡುವೆ ಬಾಯಿ ಹಾಕದೆ ಕೇಳಿ, ಹಾಳೆಯನ್ನು ಅವನ ತೊಡೆಯ ಮೇಲೆ ಬಿಡಿಸಿದಳು.

"ಎಲ್ಲಿ? ತೋರಿಸಿ."

ಅವನು ಕೆಂಪು ನೀರಿನ ಮೇಲೆ ಬೆರಳಿಟ್ಟ. ಅಲ್ಲಿ ಏನೂ ಇರಲಿಲ್ಲ. ಕೆಲಸ ಅಷ್ಟು ಚೊಕ್ಕಟವಾಗಿತ್ತು.

"ನಮ್ಮಣ್ಣ ಕಳಿಸಿದ್ನಾ ನಿಮ್ಮನ್ನ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹುಡುಕೋದು ಬಿಟ್ಟು ಮಗೂನ ನೋಡ್ಕೋ ಅಂತ ಯಾರ್ಯಾರ ಕೈಲೋ ಹೇಳಿಸ್ತಾನೇ ಇರ್ತಾನೆ. ನಿಮ್ಮನ್ನೂ ಹಿಡಿದ್ನಾ?"

"ಇಲ್ಲಮ್ಮ. ನನ್ನಾಣೆಗೂ ಇಲ್ಲ. ಅವತ್ತು ಹೇಳಿದ್ದೇ ಸುಳ್ಳು."

"ಅವತ್ತು ಯಾರೂ ಹೇಳಿಕೊಟ್ಟಿರ್ಲಿಲ್ಲ ನಿಮಗೆ" ಎಂದಳು. ಅವನ ಬೆರಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಅದು ಒತ್ತಿದ ಜಾಗವನ್ನು ಸೆರಗಿನ ತುದಿಯಿಂದ ಒರೆಸಿದಳು. "ಕೊಳೆ ಮಾಡ್ಬೇಡಿ ಅಣ್ಣಾ. ನನ್ ಹತ್ರ ಇರೋದು ಇದೊಂದೇ."

ಐದನೇ ಊರಿನ ಬಸ್ಸು ಬಂದು ನಿಂತಿತು. ಅವಳು ಹಾಳೆ ಮಡಿಸಿಕೊಂಡು ಹತ್ತಿದಳು.