ಸರ್ವಾನುಮತ

ಅಬ್ಬಿಗೆರೆ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ನಾನು ಮೇಷ್ಟ್ರಾಗಿದ್ದಾಗ ಎಸ್‌ಡಿಎಂಸಿಗೆ, ಅಂದರೆ ಪೋಷಕರ ಸಮಿತಿಗೆ, ಹಳೇ ಊರಿನ ಹೆಂಗಸೊಬ್ಬರು ಅಧ್ಯಕ್ಷೆಯಾಗಿದ್ದರು. ಸಭೆಗೆ ಎಲ್ಲರಿಗಿಂತ ಮೊದಲು ಬಂದು, ಬೆಂಚಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಸೆರಗಿನಿಂದ ಒರೆಸಿ ಕೂರುತ್ತಿದ್ದರು. ಶುರು ಮಾಡೋಣವೇ ಎಂದರೆ ಒಂದೇ ಉತ್ತರ: "ಎಲ್ರೂ ಬರ್ಲಿ ಮೇಷ್ಟ್ರೇ." ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಬರುವಷ್ಟರಲ್ಲಿ ಆರು ಗಂಟೆ. ನನ್ನ ಬಸ್ಸು ತಪ್ಪುತ್ತಿತ್ತು. ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಒಮ್ಮೆ ಖಾಸಗಿ ಪ್ರತಿಷ್ಠಾನವೊಂದು ಶಾಲೆಯನ್ನು ದತ್ತು ತೆಗೆದುಕೊಳ್ಳಲು ಮುಂದೆ ಬಂತು. ಬಣ್ಣ, ಕಂಪ್ಯೂಟರು, ಹೊಸ ಶೌಚಾಲಯ, ಎಲ್ಲ ನಮಗೆ ಬೇಕಾದವೇ. ಅವರ ಅಧಿಕಾರಿ ನಾಲ್ಕು ಗಂಟೆಗೇ ಬಂದು, ಟೈಪ್ ಮಾಡಿಸಿ ತಂದಿದ್ದ ನಿರ್ಣಯವನ್ನು ಅಧ್ಯಕ್ಷೆಯ ಮುಂದಿಟ್ಟ.

"ನೀವ್ ಸೈನ್ ಮಾಡಿ ಮೇಡಂ, ಮಿಕ್ಕವ್ರದ್ದು ಆಮೇಲೆ ತಗೋತೀವಿ."

ಅವರು ಬೆರಳಿಟ್ಟು ನಿಧಾನವಾಗಿ ಓದಿದರು. 'ಸಭೆಯು ಸರ್ವಾನುಮತದಿಂದ ಒಪ್ಪಿದೆ' ಎಂಬಲ್ಲಿ ಬೆರಳು ನಿಂತಿತು. ಖಾಲಿ ಕೋಣೆಯನ್ನೊಮ್ಮೆ ನೋಡಿದರು.

"ಯಾರ್ ಸಾರ್ ಒಪ್ಪಿದ್ದು? ಈ ಬೆಂಚುಗಳಾ? ಎಲ್ರೂ ಬರ್ಲಿ."

ಆತ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಎರಡು ಗಂಟೆ ಕಾದ. ಆರಕ್ಕೆ ಕೋಣೆ ತುಂಬಿತು. ಅಧ್ಯಕ್ಷೆ ಕಾಗದವನ್ನು ಆತನ ಕೈಗೇ ಕೊಟ್ಟು ಓದಿಸಿದರು. ಬಣ್ಣದ ಸಾಲು ಗಟ್ಟಿಯಾಗಿ ಬಂತು, ಕಂಪ್ಯೂಟರಿನದೂ ಗಟ್ಟಿಯಾಗಿಯೇ ಬಂತು. ಯಾವ ಪಾಠ, ಯಾವ ಮೇಷ್ಟ್ರು ಎಂಬುದನ್ನು ಇನ್ನು ಮುಂದೆ ಪ್ರತಿಷ್ಠಾನವೇ ತೀರ್ಮಾನಿಸುತ್ತದೆ ಎಂಬ ಸಾಲಿಗೆ ಬಂದಾಗ ದನಿ ಇಳಿಯಿತು.

"ಇನ್ನೊಂದ್ಸಲ ಓದಿ ಸಾರ್," ಅಂದರು ಅಧ್ಯಕ್ಷೆ. "ಹಿಂದಿನ ಬೆಂಚಿನವ್ರಿಗೆ ಕೇಳಿಸ್ಲಿಲ್ಲ."