ಒಂದು ಗುಂಡಿ ತೆಗೆದು ನೋಡಿದಾಗ

ಇಳಿಜಾರು ನೆಲ ನೋಡಿದರೆ ಸಾಕು, ಒಳಗೇನಿದೆ ಎಂದು ಹೇಳಿಬಿಡುವ ಕಣ್ಣು ನನ್ನದು. ಅದಕ್ಕೇ ಭಾವ ನನ್ನನ್ನು ಫರೀದಾಬಾದಿನ ತಮ್ಮ ಸೈಟಿಗೆ ಕರೆದೊಯ್ದರು. ಮೂವತ್ತು ವರ್ಷ ಸೇನೆಯ ಕ್ವಾರ್ಟರ್ಸುಗಳಲ್ಲೇ ಕಳೆದ ಅವರಿಗೆ ಇದು ಮೊದಲ ಸ್ವಂತ ಮನೆ. ಸೈಟಿನ ಹಿಂಭಾಗ ರಸ್ತೆಗಿಂತ ಬಹಳ ತಗ್ಗು. ಅಲ್ಲಿ ಮಣ್ಣು ತುಂಬಿಸಬೇಕೋ, ಬೇಸ್‌ಮೆಂಟ್ ಕಟ್ಟಬೇಕೋ?

"ತುಂಬಿಸಿ ಭಾವ! ಬೆಟ್ಟದಂಥ ಗಟ್ಟಿ ನೆಲ ಇದು," ಎಂದು ಕಾಲಿನಿಂದ ಕುಟ್ಟಿ ತೋರಿಸಿದೆ.

ಜೆಸಿಬಿ ಓಡಿಸುವ ಭಯ್ಯಾ ಬೀಡಿ ಆರಿಸಿ, "ಅಂಕಲ್‌ಜೀ, ಒಂದು ಗುಂಡಿ ತೆಗೆದು ನೋಡೋಣವೇ?" ಎಂದ.

ಅಗೆದಂತೆ ಮೇಲೆ ಬಂದದ್ದು ಒಡೆದ ಟೈಲ್ಸು, ಪ್ಲಾಸ್ಟಿಕ್ ಚೀಲ, ಯಾರದೋ ಒಂಟಿ ಚಪ್ಪಲಿ. ಯಾರೋ ಮೊದಲೇ ತುಂಬಿಸಿದ್ದ ನೆಲ! ಗಟ್ಟಿ ಮಣ್ಣು ಸಿಗುವಷ್ಟರಲ್ಲಿ ಗುಂಡಿ ಆಳುದ್ದ ಆಗಿತ್ತು.

"ಪಾಯ ಹೇಗೂ ಇಲ್ಲಿವರೆಗೆ ಇಳಿಯಲೇಬೇಕು. ಅಗೆದದ್ದನ್ನು ಮತ್ತೆ ಯಾಕೆ ಮುಚ್ಚುತ್ತೀರಿ? ಬೇಸ್‌ಮೆಂಟ್ ಮಾಡಿಕೊಳ್ಳಿ," ಎಂದ ಭಯ್ಯಾ.

ಭಾವ ನನ್ನತ್ತ ತಿರುಗಿದರು. "ಅಚ್ಛಾ! ಬೆಟ್ಟದಂಥ ನೆಲ?"

"ನಾನು ಕುಟ್ಟಿದ್ದರಿಂದಲೇ ಅವನಿಗೆ ಅನುಮಾನ ಬಂದದ್ದು," ಎಂದೆ.

ಈಗ ಬೇಸಿಗೆಯಲ್ಲಿ ಆ ಮನೆಯ ತಂಪು ಜಾಗ ಆ ಬೇಸ್‌ಮೆಂಟೇ. ಬಂದವರಿಗೆಲ್ಲ ನನ್ನದೇ ಐಡಿಯಾ ಎಂದು ತೋರಿಸುತ್ತೇನೆ. ಅಷ್ಟರಲ್ಲಿ ಭಾವ, ಗೋಡೆಯ ಮೊಳೆಗೆ ನೇತುಹಾಕಿರುವ ಆ ಒಂಟಿ ಚಪ್ಪಲಿಯತ್ತ ಸುಮ್ಮನೆ ಕೈ ತೋರಿಸುತ್ತಾರೆ.