ಲಾಳಿಯ ಕತ್ತಿನ ಎಳೆ

ಆ ಕಾಲದಲ್ಲಿ ಕೊಳ್ಳೇಗಾಲದ ನಮ್ಮ ಬೀದಿಯ ಮನೆಗಳಲ್ಲಿ ನಡುಮನೆಯನ್ನೆಲ್ಲ ಮಗ್ಗವೇ ನುಂಗಿಕೊಂಡಿರುತ್ತಿತ್ತು. ಉಳಿದ ಜಾಗದಲ್ಲಿ ಮಕ್ಕಳಾದ ನಾವು ಬೆಳೆದೆವು. ಹಿತ್ತಲಲ್ಲಿ ಸೋಪಿನ ನೀರಿನಲ್ಲಿ ರೇಷ್ಮೆ ಬೇಯುವ ವಾಸನೆ, ಒಳಗೆ ಒಲೆಯ ಮೇಲೆ ಹುರುಳಿ ಸಾರಿನ ವಾಸನೆ. ಬಿಸಾಡಿದ ತುಂಡು ಎಳೆಗಳನ್ನು ಹೊಸೆದು ಬುಗುರಿಗೆ ಹುರಿ ಮಾಡಿಕೊಳ್ಳುತ್ತಿದ್ದೆವು. ಬೇರೆ ಬೀದಿಯ ಹುಡುಗರ ಹುರಿ ನಾಲ್ಕು ದಿನಕ್ಕೆ ಕಡಿದುಹೋಗುತ್ತಿತ್ತು. ನಮ್ಮದು ಬುಗುರಿ ಸವೆದರೂ ಕಡಿಯುತ್ತಿರಲಿಲ್ಲ. ರೇಷ್ಮೆ ಎಷ್ಟು ಗಟ್ಟಿ ಎಂಬುದು ನನಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಗೊತ್ತಿಲ್ಲದೆ ಮಾಡಿದೆ ಎಂದು ಯಾರೂ ನನ್ನನ್ನು ಮನ್ನಿಸಬಾರದು.

ದೀಪಾವಳಿ ಕಳೆದ ಮೇಲೆ ಅಜ್ಜೀಪುರದಿಂದ ನಮ್ಮ ಸೋದರಮಾವ ಬಂದ. ಅವನ ಕೈಚೀಲದಿಂದ ಒಂದು ನಾಯಿಮರಿ ತಲೆ ಹೊರಗೆ ಹಾಕಿತ್ತು. ಕಂದು ಬಣ್ಣ, ಕತ್ತಿನ ಸುತ್ತ ದಟ್ಟ ಕೂದಲು.

"ಇಬ್ರಿಗೂ ಸೇರಿ ಒಂದೇ ಕಣ್ರಲಾ. ಕಿತ್ತಾಡುದ್ರೆ ವಾಪಸ್ ತಕಂಡೋಯ್ತೀನಿ" ಎಂದ.

ಇಬ್ಬರು ಎಂದರೆ ನಾನು ಮತ್ತು ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನಾದ ತಮ್ಮ ಗುರು. ಮರಿ ಮನೆಯೊಳಗೆ ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡುವುದನ್ನು ನೋಡಿ ಅಪ್ಪ ಅದಕ್ಕೆ ಲಾಳಿ ಎಂದೇ ಹೆಸರಿಟ್ಟ.

ಗುರುವಿಗೆ ಹುಟ್ಟಿನಿಂದ ಉಬ್ಬಸ. ಮುದ್ದೆಯ ಮೇಲಿನ ತುಪ್ಪ ಅವನಿಗೆ, ಅಮ್ಮನ ಪಕ್ಕದ ಜಾಗ ಅವನಿಗೆ. ನಾಯಿಯಾದರೂ ನನ್ನದಾಗಲಿ ಎಂದುಕೊಂಡೆ. ನನ್ನ ಪಾಲಿನ ಹಾಲನ್ನೇ ಅದಕ್ಕೆ ಹಾಕಿದೆ. ಲಾಳಿ ಹಾಲು ಕುಡಿದು, ಬಾಯಿ ನೆಕ್ಕಿಕೊಂಡು, ನೇರವಾಗಿ ಹೋಗಿ ಗುರುವಿನ ಕಾಲಿನ ಮೇಲೆ ಮಲಗುತ್ತಿತ್ತು. ಅವನು ಅದರ ಕತ್ತನ್ನು ತಬ್ಬಿಕೊಂಡು ಕಿವಿಯಲ್ಲಿ ಏನೇನೋ ಕತೆ ಹೇಳುತ್ತಿದ್ದ. ನನ್ನ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು.

ಅದೇ ದಿನಗಳಲ್ಲಿ ಅಪ್ಪ ನನಗೆ ಕಡಿದ ಎಳೆಗೆ ಗಂಟು ಹಾಕುವುದನ್ನು ಕಲಿಸುತ್ತಿದ್ದ. ನಾನು ಎಡಚ. ನನ್ನ ಗಂಟು ಎಲ್ಲರ ಗಂಟಿಗಿಂತ ತಿರುವುಮುರುವಾಗಿ ಬೀಳುತ್ತಿತ್ತು.

"ನಿನ್ ಗಂಟು ಎಡಕ್ಕೆ ಮಲಗ್ತದಲ್ಲೋ ಮಾದೇವ" ಎಂದು ಅಪ್ಪ ನಕ್ಕ. "ಓಗ್ಲಿ ಬುಡು. ಬಿಚ್ಕೊಳ್ದಿದ್ರೆ ಸಾಕು."

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕಂದು ರೇಷ್ಮೆಯ ಎಂಟು ಎಳೆ ಕದ್ದು, ಹೊಸೆದು, ಲಾಳಿಯ ಕತ್ತಿಗೆ ಕಟ್ಟಿದೆ. ಅದು ನನ್ನದೆಂಬ ಗುರುತು. ಒಳ್ಳೆಯ ಎಳೆ ಹಾಳುಮಾಡಿದರೆ ಅಪ್ಪ ಚರ್ಮ ಸುಲಿಯುತ್ತಿದ್ದ, ಅದಕ್ಕೇ ನಾಯಿಯ ಬಣ್ಣದ ರೇಷ್ಮೆಯನ್ನೇ ಆರಿಸಿದ್ದೆ. ಕೂದಲ ಒಳಗೆ ಅದು ಕಾಣುತ್ತಲೇ ಇರಲಿಲ್ಲ. ಗುರು ತಬ್ಬಿಕೊಂಡಾಗಲೆಲ್ಲ ನಾನು ಮನಸ್ಸಿನಲ್ಲೇ ನಗುತ್ತಿದ್ದೆ: ತಬ್ಕೊ ಮಗನೆ, ಅದು ನನ್ದು.

ಮರಿ ಬೆಳೆಯಿತು. ಎಳೆ ಬೆಳೆಯಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಲಾಳಿಯ ವರ್ತನೆ ವಿಚಿತ್ರವಾಯಿತು. ದೂರದಿಂದ ಕರೆದರೆ ಬಾಲ ಆಡಿಸುತ್ತಿತ್ತು, ಕತ್ತಿನ ಬಳಿ ಕೈ ಹೋದರೆ ಗಕ್ಕನೆ ತಿರುಗಿ ಬಾಯಿ ಹಾಕುತ್ತಿತ್ತು. ಅದರ ಮೈ ತೊಳೆಯಲು ಹೋದ ಅಮ್ಮ ಚೆಂಬು ಬಿಟ್ಟು ಓಡಿ ಬಂದಳು. ಗುರು ಅಳುಮುಖ ಮಾಡಿಕೊಂಡು ನನ್ನ ಬಳಿ ಬಂದ.

"ಅಣ್ಣ, ಲಾಳಿಗೆ ನನ್ ಮ್ಯಾಲೆ ಕ್ವಾಪ. ನಾನೇನ್ ಮಾಡ್ದೆ?"

"ಯಾವಾಗ್ಲೂ ಮೈಮ್ಯಾಲೆ ಬೀಳ್ತೀಯಲ್ಲ, ಅದ್ಕೆ. ನಿನ್ ಕಂಡ್ರೆ ಆಗಕಿಲ್ಲ ಅದ್ಕೆ" ಎಂದೆ.

ಆ ಮಾತು ಹೇಳಿದಾಗ ನನ್ನ ಬಾಯಿಗೆ ಬೆಲ್ಲ ಇಟ್ಟಂತಾಯಿತು.

ಕಾರಣ ನನಗೆ ಹೊಳೆಯಿತು. ಲಾಳಿ ನಿದ್ದೆಯಲ್ಲಿದ್ದಾಗ ಮೆಲ್ಲಗೆ ಕೂದಲು ಸರಿಸಿ ಬೆರಳಿಟ್ಟೆ. ಎಳೆ ಕೈಗೆ ಸಿಗಲಿಲ್ಲ. ಅದು ಇರಬೇಕಾದಲ್ಲಿ ಮಾಂಸದೊಳಗೆ ಇಳಿದ ಒಂದು ಗೀರು, ಒದ್ದೆ, ಕೆಟ್ಟ ವಾಸನೆ. ಲಾಳಿ ಎಚ್ಚೆತ್ತು ನನ್ನ ಬೆರಳಿಗೂ ಬಾಯಿ ಹಾಕಿತು. ಬಾವಿಕಟ್ಟೆಗೆ ಹೋಗಿ ಕೈ ತೊಳೆದುಕೊಂಡೆ. ಅಪ್ಪನಿಗೆ ಹೇಳಿದ್ದರೆ ಒಂದು ಕತ್ತರಿಯ ಕೆಲಸ. ಏಟಿನ ಹೆದರಿಕೆ ಇದ್ದದ್ದು ನಿಜ. ಅದಕ್ಕಿಂತ ದೊಡ್ಡ ನಿಜ, ಗುರುವನ್ನು ಲಾಳಿ ಹತ್ತಿರ ಸೇರಿಸದೆ ಇದ್ದದ್ದು ನನಗೆ ಹಿತವಾಗಿತ್ತು.

ನಾಲ್ಕೇ ದಿನಕ್ಕೆ ಅದು ಗುರುವಿನ ಮುಂಗೈ ಕಚ್ಚಿತು. ಅವನು ರಾಜಿ ಮಾಡಿಕೊಳ್ಳಲೆಂದು ಕತ್ತು ತಬ್ಬಲು ಹೋಗಿದ್ದ.

ಆಗ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ಆಸ್ಪತ್ರೆಯ ಡಾಕ್ಟರು ಅಪ್ಪನಿಗೆ, "ನಾಯಿನ ಹತ್ತು ದಿನ ಕಟ್ಟಿಹಾಕಿ ನೋಡಿ. ಬದುಕಿದ್ರೆ ಹುಚ್ಚಲ್ಲ ಅಂತ ಲೆಕ್ಕ, ಸೂಜಿ ನಿಲ್ಲಿಸ್ಬೋದು" ಎಂದರು. ಅಪ್ಪ ಉದ್ದ ಕೋಲಿನಿಂದ ಕುಣಿಕೆ ಹಾಕಿ ಲಾಳಿಯನ್ನು ಹಿತ್ತಲ ಕಂಬಕ್ಕೆ ಕಟ್ಟಿದ. ಹಗ್ಗ ಬಿದ್ದದ್ದು ಆ ಎಳೆಯ ಮೇಲೆಯೇ.

ಅಮ್ಮ ದಿನವೂ ಗುರುವನ್ನು ಸೊಂಟದ ಮೇಲೆ ಹೊತ್ತು ಆಸ್ಪತ್ರೆಗೆ ಹೋಗುತ್ತಿದ್ದಳು. ಬರುವಾಗ ಅವನ ಕೈಯಲ್ಲಿ ಒಂದು ಬನ್ನು ಇರುತ್ತಿತ್ತು. ಅವನ ಹೊಟ್ಟೆ ಊದಿಕೊಂಡು ಅಂಗಿ ತಾಗಿದರೂ ಅರಚುತ್ತಿದ್ದ. ನಾನು ಆ ಬನ್ನು ನೋಡುತ್ತಿದ್ದೆ. ನಂಬುತ್ತೀರೋ ಇಲ್ಲವೋ, ಆ ಸೂಜಿ ನನಗಾದರೂ ಆಗಬಾರದಿತ್ತೇ ಎಂದು ಕರುಬಿದೆ.

ಆರನೆಯ ದಿನ ಗುರು ತನ್ನ ಬನ್ನನ್ನು ನನ್ನ ಕೈಗಿಟ್ಟ.

"ನಾನು ಅತ್ರಕ್ಕೋದ್ರೆ ಬಯ್ತದೆ. ನೀನೇ ಆಕ್ಬುಡಣ್ಣ ಲಾಳಿಗೆ. ಗುರು ಕೊಟ್ಟ ಅನ್ನು."

ಹಿತ್ತಲಿಗೆ ಹೋದೆ. ಲಾಳಿ ಕತ್ತಿನ ಬಿಗಿತಕ್ಕೆ ನೀರೂ ನುಂಗಲಾಗದೆ, ಜೊಲ್ಲು ಸುರಿಸುತ್ತ ಮಲಗಿತ್ತು. ನನ್ನನ್ನು ಕಂಡು ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಗೋಡೆಯ ಮರೆಗೆ ನಿಂತು ಆ ಬನ್ನನ್ನು ನಾನೇ ತಿಂದೆ.

ಅಷ್ಟರಲ್ಲಿ ಪಕ್ಕದ ಮನೆಯ ರಂಗಜ್ಜ ಬೇಲಿಯಿಂದ ಇಣುಕಿ ಅಪ್ಪನಿಗೆ ಕೂಗಿ ಹೇಳಿದ. "ಜೊಲ್ಲು ಸುರೀತದೆ, ನೀರು ಸೇರಾಕಿಲ್ಲ. ಹುಚ್ಚೇ ಕಣಪ್ಪ ಇದು. ಬೀದೀಲಿ ಮಕ್ಕಳು ಮರಿ ಇಲ್ವಾ? ಇನ್ನೇನ್ ಕಾಯ್ತಾ ಕುಂತಿದ್ದೀಯ?"

ಬೀದಿಯ ಗಂಡಸರು ದೊಣ್ಣೆ ತಂದರು. ಅಪ್ಪ ನಮ್ಮನ್ನು ಒಳಗೆ ಕಳಿಸಿ ಬಾಗಿಲು ಎಳೆದುಕೊಂಡ. ನನ್ನ ಬಾಯಲ್ಲಿ ಇನ್ನೂ ಬನ್ನಿನ ಸಿಹಿ ಇತ್ತು. ನುಂಗಿಕೊಂಡೆ. ಕೂಗಲಿಲ್ಲ.

ಹೂಳಲು ಹಗ್ಗ ಬಿಚ್ಚುವಾಗ ಅಪ್ಪನಿಗೆ ಗಾಯ ಕಂಡಿತು. ಕತ್ತರಿ ತರಿಸಿ ಎಳೆ ಕತ್ತರಿಸಿ, ನೀರಿನಲ್ಲಿ ತೊಳೆದು, ಬಿಸಿಲಿಗೆ ಹಿಡಿದು ನೋಡಿದ. ಗಂಟು ಎಡಕ್ಕೆ ಮಲಗಿತ್ತು. ಅವನು ನನ್ನನ್ನು ಹೊಡೆಯಲಿಲ್ಲ. ಎಳೆಯನ್ನು ನನ್ನ ಅಂಗೈಗೆ ಹಾಕಿ ಮೆಲ್ಲಗೆ ಹೇಳಿದ:

"ಚೆನ್ನಾಗ್ ಕಲ್ತಿದ್ದೀಯ ಕಣಪ್ಪ. ಬಿಚ್ಕೊಂಡಿಲ್ಲ."

ಸಾಯುವವರೆಗೂ ಅಪ್ಪ ಇದನ್ನು ಯಾರಿಗೂ ಹೇಳಲಿಲ್ಲ. ಹತ್ತು ದಿನ ಕಾದು ನೋಡಲು ನಾಯಿಯೇ ಇಲ್ಲವಾದ್ದರಿಂದ, ಹುಚ್ಚಿರಲಿಲ್ಲವೆಂದು ಖಾತ್ರಿಯಾಗಿ ಹೇಳುವವರಿರಲಿಲ್ಲ. ಉಳಿದ ಎಂಟು ಸೂಜಿಯನ್ನೂ ಗುರು ಚುಚ್ಚಿಸಿಕೊಂಡ.

ಈಗ ಅವನು ಸರ್ಕಾರಿ ನೌಕರಿಯಿಂದ ನಿವೃತ್ತನಾಗಿ ಯಳಂದೂರಿನಲ್ಲಿದ್ದಾನೆ. ಬೀದಿಯಲ್ಲಿ ನಾಯಿ ಮಲಗಿದ್ದರೆ ಇಂದಿಗೂ ಆಚೆ ಬದಿಗೆ ದಾಟಿ ನಡೆಯುತ್ತಾನೆ. ಕಳೆದ ತಿಂಗಳು ನಾನು ಹೋಗಿದ್ದಾಗ ಅವನ ಮೊಮ್ಮಗಳು ನಾಯಿಮರಿ ಬೇಕೆಂದು ಹಟ ಹಿಡಿದಿದ್ದಳು.

"ಬ್ಯಾಡ ಕಣವ್ವ, ನಾಯಿ ನಂಬಬಾರ್ದು" ಎಂದ ಗುರು. "ನಾನು ಜೀವ ಇಟ್ಕಂಡಿದ್ದೆ ಒಂದರ ಮ್ಯಾಲೆ. ಅದು ನನ್ನೇ ಕಚ್ತು. ಕೇಳು ನಿಮ್ ದೊಡ್ಡತಾತನ್ನ."

ಮಗು ನನ್ನತ್ತ ತಿರುಗಿತು. ಹೇಳಿದೆ. ಎಳೆ, ಗಂಟು, ಗೀರು, ಬನ್ನು, ಒಂದನ್ನೂ ಬಿಡದೆ ಹೇಳಿದೆ. ಬಯ್ಯಲಿ, ಮನೆಯಿಂದ ಆಚೆ ನಡಿ ಎನ್ನಲಿ ಎಂದು ತಲೆ ತಗ್ಗಿಸಿ ಕೂತೆ. ಗುರು ತನ್ನ ಮುಂಗೈಯ ಕಲೆಯನ್ನು ಉಜ್ಜಿಕೊಂಡ.

"ಅಂಗಾರೆ," ಎಂದ, "ಲಾಳಿಗೆ ನನ್ ಮ್ಯಾಲೆ ಕ್ವಾಪ ಇರ್ನಿಲ್ಲ ಅನ್ನು."

ತಲೆ ಎತ್ತಿ ನೋಡಿದೆ. ಎಪ್ಪತ್ತು ದಾಟುತ್ತಿರುವ ಆ ಮುಖದಲ್ಲಿ ಲಾಳಿಯ ಕಿವಿಯಲ್ಲಿ ಕತೆ ಹೇಳುತ್ತಿದ್ದ ಹುಡುಗ ಕಂಡ. ನಮ್ಮ ಮನೆಯ ಮಗ್ಗ ಹೋಯಿತು, ಅಪ್ಪ ಅಮ್ಮ ಹೋದರು. ಅವೆಲ್ಲ ಕಾಲ ತೆಗೆದುಕೊಂಡದ್ದು. ಅವನ ಕಾಲಿನ ಮೇಲೆ ಒಂದು ನಾಯಿ ಮಲಗದೆ ಹೋದ ಅರವತ್ತು ವರ್ಷ ಮಾತ್ರ ನಾನು ತೆಗೆದುಕೊಂಡದ್ದು. ಅಷ್ಟು ಗೊತ್ತಿದ್ದೂ, ಆ ಮುಖ ಕಂಡೊಡನೆ ನನ್ನ ಹೊಟ್ಟೆಯ ಹಳೆಯ ಕೆಂಡ ಒಮ್ಮೆ ಮಿಣುಕಿತು. ಲಾಳಿ ಕೊನೆಗೂ ಅವನದೇ ಆಯಿತು.